ಜುಬಿಲಿ ಪುಸ್ತಕದ ಕನ್ನಡ ಪುಟ

ಮುಂಬಯಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರಿಗೆ ಉಳಿಯುವ ಕಸುಬು ಒಂದೇ, ಇನ್ನೊಬ್ಬರ ಕಾಗದ ಓದಿ ಹೇಳುವುದು. ದಹಿಸರ್‌ನಲ್ಲಿ ನಮ್ಮದು ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗು. ಮೂರನೆಯ ಮಾಳಿಗೆಗೆ ಏದುಸಿರು ಬಿಡುತ್ತ ಹತ್ತಿ ಬರುವವರು ನನ್ನ ಕ್ಷೇಮ ವಿಚಾರಿಸಲು ಬರುತ್ತಾರೆಂದು ಮೊದಮೊದಲು ನಂಬಿದ್ದೆ. ಎರಡು ಮಾತಾಗುತ್ತಲೇ ಅವರ ಕೈ ಚೀಲದೊಳಗೆ ಹೋಗುತ್ತದೆ. ಊರಿನ ಜಾಗದ ಪಹಣಿ, ಗೃಹಪ್ರವೇಶದ ಕರೆಯೋಲೆ, ಮಂಡಿನೋವಿನ ಎಣ್ಣೆಯ ಬಾಟಲಿಗೆ ಸುತ್ತಿದ ಚೀಟಿ, ಸತ್ತ ಅಜ್ಜನ ಡೈರಿ. ಅವರ ಮಕ್ಕಳಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಅಕ್ಷರ ಹತ್ತುವುದಿಲ್ಲ. ಹಾಗಾಗಿ ನಾನು ಬೇಕು.

ಗೋರೆಗಾಂವ್‌ನ ಒಂದು ಕನ್ನಡ ಶಾಲೆಯಲ್ಲಿ ಮೂವತ್ತಮೂರು ವರ್ಷ ಅಕ್ಷರ ಕಲಿಸಿದವನು ನಾನು. ಆ ಶಾಲೆ ಈಗ ಇಲ್ಲ. ಕೊನೆಯ ವರ್ಷ ನನ್ನ ಕ್ಲಾಸಿನಲ್ಲಿ ನಾಲ್ಕೇ ಮಕ್ಕಳು. ಹಾಜರಿ ಕರೆಯಲು ನಾಚಿಕೆಯಾಗಿ, ಮುಖ ನೋಡಿಯೇ ಪುಸ್ತಕ ಮುಚ್ಚುತ್ತಿದ್ದೆ. ಇಷ್ಟು ವರ್ಷ ಕಲಿಸಿದ ವಿದ್ಯೆ ಕೊನೆಗೆ ಎಣ್ಣೆ ಬಾಟಲಿಯ ಚೀಟಿ ಓದಲು ಬಂತಲ್ಲ ಎಂದು ನಾನು ಕೊರಗುವುದುಂಟು. ಹೆಂಡತಿ ಸುಮತಿ ಆಗೆಲ್ಲ, "ಅದಾದರೂ ಬಂತಲ್ಲ" ಎನ್ನುತ್ತಾಳೆ. ಅದು ಸಮಾಧಾನವೋ ಚುಚ್ಚುಮಾತೋ ಇಂದಿಗೂ ನನಗೆ ಬಗೆಹರಿದಿಲ್ಲ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಒಬ್ಬರು ಪಾದ್ರಿ ನಿಂತಿದ್ದರು. ನಮ್ಮ ರಸ್ತೆಯ ತುದಿಯ ಸಣ್ಣ ಚರ್ಚಿನ ಫಾದರ್ ನೆಲ್ಸನ್. ವಸಯಿ ಕಡೆಯವರು, ಮನೆಮಾತು ಮರಾಠಿ, ಇನ್ನೂ ನಲವತ್ತು ದಾಟದವರು. ಅವರ ತೋಳು ಹಿಡಿದು ನಿಂತಿದ್ದವರು ನಮ್ಮ ಬಿಲ್ಡಿಂಗಿನ ನೆಲ ಅಂತಸ್ತಿನ ಜುಲಿಯಾನ ಬಾಯಿ. ಬೆಳ್ಮಣ್ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು, ಈಗ ಎಂಬತ್ತರ ಹತ್ತಿರ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಹೆಚ್ಚುಕಡಿಮೆ ತಿಂದು ಮುಗಿಸಿದೆ. ಒಬ್ಬಳೇ ಮಗಳು ನಾಲಾಸೋಪಾರಾದಲ್ಲಿ. ಊರಿನ ಕಡೆ ನಮ್ಮಂಥವರು ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನಾನು ಅವರನ್ನು 'ಬಾಯಮ್ಮ' ಎನ್ನುತ್ತೇನೆ.

ಫಾದರ್ ಚೀಲದಿಂದ ಕೆಂಪು ರಟ್ಟಿನ ಉದ್ದನೆಯ ನೋಟುಬುಕ್ಕು ತೆಗೆದು, "ಯೇ ಆಪ್ ಪಢ್ ಸಕ್ತೇ ಹೈಂ ಕ್ಯಾ, ಸರ್?" ಎಂದರು, ಇದನ್ನು ಓದಬಲ್ಲಿರಾ ಎಂದು.

ಅಕ್ಷರ ಕನ್ನಡ, ಭಾಷೆ ಕೊಂಕಣಿ. ಕೊಂಕಣಿಯಷ್ಟು ವೇಷ ಬದಲಿಸಿದ ಭಾಷೆ ಇನ್ನೊಂದಿರಲಿಕ್ಕಿಲ್ಲ. ಗೋವೆಯಲ್ಲಿ ಅದು ನಾಗರಿಯಲ್ಲೂ ಉಂಟು, ರೋಮನ್ ಲಿಪಿಯಲ್ಲೂ ಉಂಟು. ಕೇರಳಕ್ಕೆ ಹೋದರೆ ಮಲಯಾಳದ ಅಕ್ಷರ. ನಮ್ಮ ಮಂಗಳೂರು, ಉಡುಪಿಯ ಕ್ರೈಸ್ತರು ಮಾತ್ರ ಪ್ರಾರ್ಥನೆಯಿಂದ ಹಿಡಿದು ಪ್ರೇಮಪತ್ರದವರೆಗೆ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದವರು. ಬಾಲ್ಯದಲ್ಲಿ ನೆರೆಮನೆಯಲ್ಲಿ ಕಿವಿಗೆ ಬಿದ್ದ ಕೊಂಕಣಿ ನನಗೆ ಮುಕ್ಕಾಲು ಅರ್ಥವಾಗುತ್ತಿತ್ತು.

ಚರ್ಚಿಗೆ ಐವತ್ತು ವರ್ಷ ತುಂಬುತ್ತಿತ್ತು, ಜುಬಿಲಿ ಪುಸ್ತಕ ತರಬೇಕಾಗಿತ್ತು. ಅದರಲ್ಲಿ ಚರ್ಚಿನ ಚರಿತ್ರೆ ಬರಬೇಕು. ಪೂಜೆಯ ಬಟ್ಟೆ, ಪಾತ್ರೆ ಇಡುವ ಕೋಣೆಯ ಕಪಾಟಿನ ಮೇಲೆ ಈ ನೋಟುಬುಕ್ಕು ಸಿಕ್ಕಿತ್ತು. ಬರೆದವರು ಪಾವ್ಲು ಪೊರ್ಬು. ಬೈಕುಲ್ಲಾದ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದು, ಇಲ್ಲಿನ ಮಂಗಳೂರಿನ ಕುಟುಂಬಗಳಿಗೆಲ್ಲ ಗುರ್ಕಾರರಾಗಿ, ಅಂದರೆ ಮುಖಂಡರಾಗಿ, ಚರ್ಚನ್ನು ಕಟ್ಟಿಸಿದವರೆಂದು ಹೆಸರಾದವರು. ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕನ್ನಡ ಓದಬಲ್ಲ ಅವರ ವಾರಗೆಯವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು ಇಲ್ಲವೇ ಊರು ಸೇರಿದ್ದರು. ಉಳಿದವರು ಜುಲಿಯಾನ ಬಾಯಿ. ಅವರು ಎರಡನೇ ಕ್ಲಾಸಿನವರೆಗೆ ಕಲಿತಿದ್ದರು, ಆದರೆ ಕಣ್ಣಿರಲಿಲ್ಲ.

ಅಂತೂ ಕೆಲಸ ಹಂಚಿಕೆಯಾಯಿತು. ನಾನು ಓದುವುದು, ತಿಳಿಯದ ಮಾತಿಗೆ ಬಾಯಮ್ಮ ಅರ್ಥ ಹೇಳುವುದು, ನಾನು ಅದನ್ನು ಇಂಗ್ಲಿಷಿನಲ್ಲಿ ಗೀಚಿ ಫಾದರ್‌ಗೆ ಕೊಡುವುದು. ದಿನಾ ಊಟದ ನಂತರ ಬಾಯಮ್ಮನ ಕೋಣೆಗೆ ಹೋಗುತ್ತಿದ್ದೆ. ನಾನು ಬಾಯಿ ತೆರೆದರೆ ಸಾಕು, ಅವರಿಗೆ ನಗು.

"ನಿಮ್ಮ ಕೊಂಕಣಿ ಕೇಳಿದ್ರೆ ನಮ್ಮ ಪಾವ್ಲು ಪೊರ್ಬು ಗುಂಡಿಯಿಂದ ಎದ್ದು ಬರ್ತಾರೆ ಮಾರಾಯ್ರೆ!"

"ಬರಲಿ ಬಾಯಮ್ಮ. ಬಂದು ಅವರೇ ಓದಲಿ. ನನಗೂ ಬಿಡುವು ಸಿಗ್ತದೆ" ಎನ್ನುತ್ತಿದ್ದೆ.

ಮೊದಲ ಪುಟಗಳು ನಗುವಂಥವೇ. ನಮ್ಮ ಕಡೆಯ ದೇವಸ್ಥಾನಗಳ ಸ್ಥಳಪುರಾಣಗಳಲ್ಲಿ ಸಾಮಾನ್ಯವಾಗಿ ಒಂದು ದನ ಇರುತ್ತದೆ. ಅದು ಕಾಡಿನೊಳಗೆ ಹೋಗಿ ಒಂದು ಕಲ್ಲಿನ ಮೇಲೆ ಹಾಲು ಸುರಿಸುತ್ತದೆ. ಈ ಚರ್ಚಿನ ಪುರಾಣದಲ್ಲಿ ಎಮ್ಮೆ. ಆಗಿನ ದಹಿಸರ್ ಅರ್ಧ ಹಳ್ಳಿ. ಗದ್ದೆ, ಕಲ್ಲುಕೋರೆ, ಎಮ್ಮೆ ಕಟ್ಟುವ ತಬೇಲಾ. ಚರ್ಚಿಗೆಂದು ಬೊರಿವಲಿಗೆ ನಡೆದು ಸಾಕಾದ ಹತ್ತಿಪ್ಪತ್ತು ಮನೆಯವರು ಒಂದು ಖಾಲಿ ತಬೇಲಾ ತೊಳೆದು, ಅಲ್ಲಿ ಮೊದಲ ಪೂಜೆ ಮಾಡಿಸಿದರು. ಪಾದ್ರಿಗಳ ಪ್ರಸಂಗದ, ಅಂದರೆ ಪ್ರವಚನದ, ನಡುವೆ ಪಕ್ಕದ ತಬೇಲಾದ ಎಮ್ಮೆಗಳು ಒಟ್ಟಾಗಿ ಕೂಗಿದವಂತೆ. ಪಾದ್ರಿಗಳು, "ನಮ್ಮ ಪ್ರಭು ಹುಟ್ಟಿದ್ದೂ ಇಂಥ ಜಾಗದಲ್ಲೇ, ಇವು ಸಾಕ್ಷಿ ಹೇಳುತ್ತಿವೆ" ಎಂದು ಪ್ರಸಂಗವನ್ನು ಅಲ್ಲಿಗೇ ಮುಗಿಸಿದರಂತೆ. ಅದು ಆ ಪಾದ್ರಿಗಳು ಹೇಳಿದ ಅತ್ಯುತ್ತಮ ಪ್ರಸಂಗವೆಂದು ಪಾವ್ಲು ಬರೆದಿದ್ದರು.

ಆಮೇಲೆ ಒಬ್ಬ ರೈತ ಜಾಗ ಕೊಟ್ಟದ್ದು, ಅಡಿಪಾಯ ತೋಡಿದ್ದು. ಅಲ್ಲಿಂದ ಪ್ರತಿ ಪುಟದಲ್ಲೂ ಒಂದು ಹೆಸರು. 'ಲಾದ್ರು ಗೋಡೆ ಎಬ್ಬಿಸಿದ', 'ಲಾದ್ರು ಕಮಾನು ಕಟ್ಟಿದ', 'ಭಾನುವಾರವೆಲ್ಲ ಲಾದ್ರು ಒಬ್ಬನೇ'. ಲಾದ್ರು ಜುಲಿಯಾನ ಬಾಯಿಯ ಗಂಡ, ಗಾರೆ ಕೆಲಸದವರು. ಆ ಹೆಸರು ಬಂದಾಗಲೆಲ್ಲ ಬಾಯಮ್ಮ ನಗುವುದು ನಿಲ್ಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಒಂದು ದಿನ ಪುಟ ತಿರುಗಿಸಿದರೆ ಒಂದೇ ಸಾಲು: 'ಇಂದು ಲಾದ್ರು ತೀರಿಕೊಂಡ.' ಅದರ ಕೆಳಗೆ ಖಾಲಿ. ಮುಂದಿನ ಪುಟದಲ್ಲಿ ಚರ್ಚಿನ ಉದ್ಘಾಟನೆ.

"ಅಷ್ಟೇ ಬರೆದದ್ದಾ?" ಎಂದರು.

"ಅಷ್ಟೇ, ಬಾಯಮ್ಮ."

ಆಮೇಲೆ ತಾವೇ ಹೇಳಿದರು. ಆ ತಿಂಗಳು ಲಾದ್ರುವನ್ನು ಕಂತ್ರಾಟುದಾರ ಕೆಲಸದಿಂದ ತೆಗೆದಿದ್ದ. ಮನೆಯಲ್ಲಿ ಹಸುಗೂಸು. ಗಂಡ ಮಾತ್ರ ಬೆಳಗಾದರೆ ಕರಣೆ ಹಿಡಿದು ಚರ್ಚಿನ ಪುಕ್ಕಟೆ ಕೆಲಸಕ್ಕೆ ಹೊರಡುವುದು. ಅಂದು ಬೆಳಿಗ್ಗೆ ಜೋರು ಜಗಳವಾಯಿತು.

"'ಹೋಗಿ ಆ ಇಗರ್ಜಿಯಲ್ಲೇ ಬಿದ್ದು ಸಾಯಿ' ಅಂತ ಹೇಳಿದೆ ಮಾಷ್ಟ್ರೇ. ಈ ಬಾಯಿಯಿಂದಲೇ ಹೇಳಿದ್ದು. ಸಂಜೆ ಸ್ಟೇಶನ್ ಹತ್ರ ಹಳಿಯ ಮೇಲೆ ಸಿಕ್ಕಿದ್ರು. ಪಾದ್ರಿಗಳು ಬಂದು ಕೇಳಿದಾಗ ಬೆಳಿಗ್ಗೆ ಜಗಳ ಆಗಿತ್ತು ಅಂತ ನಾನೇ ಹೇಳಿದೆ. ಪಾದ್ರಿಗಳ ಹತ್ರ ಸುಳ್ಳು ಹೇಳ್ಲಿಕ್ಕೆ ಆಗ್ತದಾ?"

ತಾನೇ ಹೋಗಿ ಗಾಡಿಗೆ ಬಿದ್ದ ಎಂದು ಎಲ್ಲರೂ ತೀರ್ಮಾನಿಸಿದರು. ಹಾಗೆ ಸತ್ತವರಿಗೆ ಆಗಿನ ಕಾಲದಲ್ಲಿ ಪೂಜೆಯಿಲ್ಲ, ಗಂಟೆಯಿಲ್ಲ. ತಾನೇ ಕಟ್ಟಿದ ಚರ್ಚಿನೊಳಗೆ ಲಾದ್ರು ಬರಲಿಲ್ಲ. ಬೇರೆ ಕಡೆಯ ಒಂದು ಸ್ಮಶಾನದಲ್ಲಿ, ಗೋಡೆಯ ಬದಿಗೆ, ನಾಲ್ಕು ಜನ ಸೇರಿ ಮಣ್ಣು ಮಾಡಿದರು. ಆ ನಾಲ್ವರಲ್ಲಿ ಪಾವ್ಲು ಒಬ್ಬರು. ಮುಂದೆ ಜುಲಿಯಾನ ಬಾಯಿಗೆ ಒಂದು ಕಾನ್ವೆಂಟಿನ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದವರು, ಪ್ರತಿ ಕ್ರಿಸ್ಮಸ್‌ಗೆ ಕೇಕು ತಂದುಕೊಟ್ಟವರು, ಮಗಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತವರು ಎಲ್ಲ ಪಾವ್ಲುವೇ. "ದೇವರಂಥ ಮನುಷ್ಯ" ಎಂದರು ಬಾಯಮ್ಮ.

ಮರುದಿನದ ಓದಿಗೆ ತಯಾರಿ ಮಾಡಿಕೊಳ್ಳೋಣವೆಂದು ನಾನು ಪುಸ್ತಕವನ್ನು ಮನೆಗೆ ತಂದೆ. ಪಾಠಕ್ಕೆ ಮುಂಚೆ ಒಮ್ಮೆ ಕಣ್ಣಾಡಿಸುವ ಮೇಷ್ಟ್ರಿಕೆಯ ಹಳೆಯ ಚಾಳಿ. ಕೊನೆಯ ಪುಟಗಳು ಬೇರೆ ಪೆನ್ನಿನಲ್ಲಿದ್ದವು, ಎಷ್ಟೋ ವರ್ಷದ ಮೇಲೆ ಬರೆದವು. ಮೊದಲ ಸಾಲೇ, 'ಹಾಂವೆಂ ಸಾಂಗ್ಲೆಂನಾ.' ಅಂದರೆ, ನಾನು ಹೇಳಲಿಲ್ಲ.

ಮುಂದಿನದನ್ನು ಕನ್ನಡದಲ್ಲಿ ಹೇಳುತ್ತೇನೆ. 'ಹೊಸ ಚರ್ಚಿಗೆ ಗಂಟೆ ತರುವ ಹೊಣೆ ನನ್ನದು. ಬೈಕುಲ್ಲಾದ ಹಳೇ ಸಾಮಾನಿನ ಅಂಗಡಿಯಲ್ಲಿ ಅದನ್ನು ಆರಿಸಿದವನು ನಾನು. ಆ ದಿನ ಬೇಕರಿಯಲ್ಲಿ ರಜೆ ಸಿಗಲಿಲ್ಲ. ಲಾದ್ರುವಿಗೆ ಹೇಳಿ ಕಳುಹಿಸಿದೆ, ಬಂದ. ಚಾ ಕುಡಿದ. ಜುಲಿಯಾನಳಿಗೆಂದು ಎರಡು ಬನ್ ಕಟ್ಟಿಸಿಕೊಂಡ. ಲೋಕಲ್‌ನಲ್ಲಿ ಸದ್ದಾಗದಂತೆ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಗೋಣಿಯಲ್ಲಿ ಕಟ್ಟಿ ಅವನ ಹೆಗಲಿಗೆ ಏರಿಸಿದೆ. ದಾದರ್‌ನಲ್ಲಿ ಗಾಡಿ ಬದಲಿಸು, ದಹಿಸರ್‌ನಲ್ಲಿ ಈ ಭಾರ ಹೊತ್ತು ಸೇತುವೆ ಹತ್ತಬೇಡ, ಹಳಿ ದಾಟಿ ಹೋಗು ಎಂದವನೂ ನಾನು. ಸಂಜೆ ನಾನು ಇಳಿದಾಗ ಅವನನ್ನು ಒಯ್ದಾಗಿತ್ತು. ಹಳಿಯ ಪಕ್ಕದ ಪೊದೆಯಲ್ಲಿ ಗೋಣಿ ಇತ್ತು. ಯಾರೂ ನೋಡಿರಲಿಲ್ಲ. ಎತ್ತಿಕೊಂಡು ಮನೆಗೆ ಹೋದೆ. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಯಾಗುವಾಗ ಜನ ಬೇರೆ ಮಾತು ಆಡಿಯಾಗಿತ್ತು. ಗಂಟೆಯಿಂದ ಸತ್ತ ಎಂದರೆ ಆ ಗಂಟೆಯನ್ನು ಯಾರೂ ಕಟ್ಟಲು ಬಿಡುವುದಿಲ್ಲ, ನನ್ನಿಂದ ಸತ್ತ ಎಂದರೆ ನಾನು ಯಾರ ಮುಖ ನೋಡಲಿ ಎಂದು ಹೆದರಿದೆ. ಗಂಟೆಯನ್ನು ಕಟ್ಟಿದೆವು. ಅವನಿಗೆ ಮಾತ್ರ ಅದನ್ನು ಬಾರಿಸಲಿಲ್ಲ.'

ಓದಿ ಮುಗಿಸಿದ ಮೇಲೆ ನನಗೆ ಓದಲು ಬಂದದ್ದರ ಬಗ್ಗೆಯೇ ಬೇಸರವಾಯಿತು. ಮರುದಿನ ಬಾಯಮ್ಮನಿಗೆ ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಅದರ ಮರುದಿನವೂ. ಮೂರನೆಯ ದಿನ ಅವರು ಕರಿಮೆಣಸಿನ ಕಷಾಯ ಮಾಡಿ ಕಳುಹಿಸಿದರು. ಸುಳ್ಳುಗಾರನಿಗೆ ಅದಕ್ಕಿಂತ ಖಾರದ ಶಿಕ್ಷೆ ಬೇರೆ ಬೇಕಿರಲಿಲ್ಲ. ಕುಡಿದು, ಸುಮತಿಗೆ ಎಲ್ಲವನ್ನೂ ಹೇಳಿದೆ. ಈ ವಯಸ್ಸಿನಲ್ಲಿ ಆಕೆಗೆ ಯಾಕೆ ಹೊಸ ಸಂಕಟ, ಪುಸ್ತಕ ಮುಗಿಯಿತು ಅಂದುಬಿಡುತ್ತೇನೆ ಎಂದೆ.

"ಅದು ಅವರ ಮನೆಯ ಸುದ್ದಿ. ಅದನ್ನು ಕಟ್ಟಿಡ್ಲಿಕ್ಕೆ ನೀವು ಯಾರು? ಒಬ್ಬರು ಕಟ್ಟಿಟ್ಟದ್ದು ಸಾಲದಾ?" ಎಂದಳು ಸುಮತಿ.

ಹೋಗಿ ಓದಿದೆ. ಆ ದಿನ ಬಾಯಮ್ಮ ನನ್ನ ಉಚ್ಚಾರವನ್ನು ಒಮ್ಮೆಯೂ ತಿದ್ದಲಿಲ್ಲ. ಮುಗಿದ ಮೇಲೆ ಹೊರಗೆ ಪ್ಯಾಸೇಜಿನಲ್ಲಿ ಯಾರೋ ಬಕೆಟ್ ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಬಾಯಮ್ಮ ಕೇಳಿದರು.

"ಬನ್ ಅಂತ ಉಂಟಲ್ಲ, ಆ ಸಾಲು ಇನ್ನೊಮ್ಮೆ ಓದಿ."

ಓದಿದೆ.

"ನನಗೆ ಅಂತಲೇ ಬರೆದಿದ್ದಾರಾ? ಹೆಸರು ಹಾಕಿ?"

"ಹೆಸರು ಹಾಕಿಯೇ ಬರೆದಿದ್ದಾರೆ, ಬಾಯಮ್ಮ. 'ಜುಲಿಯಾನಳಿಗೆಂದು'."

"ಹಾಗಾದ್ರೆ ಸಿಟ್ಟು ಇರ್ಲಿಲ್ಲ" ಎಂದರು. ಇನ್ನೂ ಎರಡು ಸಲ ಓದಿಸಿದರು. ಆಮೇಲೆ ಅತ್ತರು. ಎಂಬತ್ತರ ಮುದುಕಿ ಅಳುವುದನ್ನು ನೋಡುತ್ತ ಕೂರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಪುಸ್ತಕದ ಮೂಲೆಗಳನ್ನು ಸರಿಮಾಡುತ್ತ ಕೂತೆ.

"ಐವತ್ತು ವರ್ಷ ಅವರ ಮೇಲೆ ಸಿಟ್ಟು ಮಾಡಿದೆ ಮಾಷ್ಟ್ರೇ. ಕೂಸನ್ನು ನನ್ನ ತಲೆಗೆ ಕಟ್ಟಿ ಹೋದರಲ್ಲ ಅಂತ. ದಿನಾ ಅವರ ಆತ್ಮಕ್ಕೆ ಪ್ರಾರ್ಥನೆ ಮಾಡುವುದು, ದಿನಾ ಬೈಯುವುದು. ಎರಡೂ ಒಂದೇ ಬಾಯಲ್ಲಿ." ಮೂಗೊರೆಸಿಕೊಂಡು ಮುಂದುವರಿಸಿದರು. "ಪಾವ್ಲು ಪೊರ್ಬು ಹಾಸಿಗೆ ಹಿಡಿದಾಗ ಆರು ತಿಂಗಳು ನಾನೇ ಹೋಗಿ ಗಂಜಿ ಕುಡಿಸಿದ್ದು. ಕುಡಿಯುವಾಗ ಒಂದು ದಿನ ಸಹ ನನ್ನ ಮುಖ ನೋಡಿದವರಲ್ಲ. ಸಂಕೋಚದ ಮನುಷ್ಯ ಅಂತ ಎಣಿಸಿದ್ದೆ."

ಚರಿತ್ರೆ ಬರೆಯುವವರ ಕಷ್ಟ ನನಗೆ ಅರ್ಥವಾದದ್ದು ಆಮೇಲೆ. ಸ್ಮರಣ ಸಂಚಿಕೆಗಳ ಚರಿತ್ರೆಗೆ ಒಂದು ಹದ ಇರುತ್ತದೆ. ಆರಂಭದಲ್ಲಿ ಒಬ್ಬ ಸ್ಥಾಪಕರು, ನಡುವೆ ಹಲವರ ಅವಿರತ ಶ್ರಮ, ಕೊನೆಯಲ್ಲಿ ಶಾಮಿಯಾನದವರಿಗೂ ಅಡುಗೆಯವರಿಗೂ ಕೃತಜ್ಞತೆ. ಈ ಪುಟಗಳು ಅದರಲ್ಲಿ ಕೂರುವಂಥವಲ್ಲ. ಅದೂ ಅಲ್ಲದೆ ಪುಸ್ತಕ ಸಮಿತಿಯ ಮುಖ್ಯಸ್ಥ ರೊನಾಲ್ಡ್, ಪಾವ್ಲುವಿನ ಮಗ. ಗೋರೆಗಾಂವ್‌ನಲ್ಲಿ ಆಫೀಸು, ಅರುವತ್ತರ ಹತ್ತಿರದ ಸಭ್ಯ ಮನುಷ್ಯ. ಚರ್ಚಿನ ಆಫೀಸಿನಲ್ಲಿ ನಾನು ಸಾರಾಂಶ ಹೇಳಿ ಮುಗಿಸುವ ಮೊದಲೇ ಅವರ ಮುಖ ಕೆಂಪಾಯಿತು.

"ಸರ್, ಪಪ್ಪ ಈ ಚರ್ಚಿಗೋಸ್ಕರ ಲೈಫ್ ಕೊಟ್ಟಿದ್ದಾರೆ. ಇದು ಜುಬಿಲಿ ಬುಕ್, ಪೊಲೀಸ್ ರಿಪೋರ್ಟ್ ಅಲ್ಲ. ಲಾಸ್ಟ್‌ನಲ್ಲಿ ಪಪ್ಪನ ತಲೆ ಸರಿ ಇರ್ಲಿಲ್ಲ. ಏನೋ ಬರೆದಿರಬಹುದು. ಛೋಡಿಯೇ ನಾ, ಬಿಟ್ಟುಬಿಡಿ."

ನಾನು ಹೊರಗಿನವನು. ಬಾಯಮ್ಮ ಹೇಳಿ ಕಳುಹಿಸಿದ್ದನ್ನಷ್ಟೇ ಹೇಳಿದೆ, "ಯಾರಿಗೂ ಬೈಯುವುದು ಬೇಡ, ನನ್ನ ಗಂಡ ಹೇಗೆ ಹೋದದ್ದೆಂದು ಒಂದು ಕಡೆ ಬರೆದಿರಲಿ." ಕೊನೆಗೆ ಫಾದರ್ ನೆಲ್ಸನ್ ಒಂದು ದಾರಿ ತೆಗೆದರು. ಇಂಗ್ಲಿಷ್ ಚರಿತ್ರೆಯಲ್ಲಿ ಕಟ್ಟಿದವರ ಸಾಲಿಗೆ ಲಾದ್ರುವಿನ ಹೆಸರು ಸೇರಲಿ. ಪಾವ್ಲುವಿನ ಕೊನೆಯ ಪುಟಗಳನ್ನು ಅನುವಾದವಿಲ್ಲದೆ, ಇದ್ದದ್ದು ಇದ್ದ ಹಾಗೆ, ಕನ್ನಡ ಅಕ್ಷರದಲ್ಲೇ ಅಚ್ಚು ಹಾಕೋಣ, ಹಿರಿಯರ ನೆನಪಿಗೆಂದು. ರೊನಾಲ್ಡ್ ಯೋಚಿಸಿ ಒಪ್ಪಿದರು. ಒಪ್ಪಿದ್ದೇಕೆಂದು ಎಲ್ಲರಿಗೂ ಗೊತ್ತಿತ್ತು. ಆ ಚರ್ಚಿನಲ್ಲಿ ಅದನ್ನು ಓದುವವರು ಒಬ್ಬರೂ ಇರಲಿಲ್ಲ. ಸತ್ಯ ಹೇಳಿದ ಪುಣ್ಯವೂ ಬಂತು, ಯಾರೂ ಕೇಳಿಸಿಕೊಳ್ಳದ ನೆಮ್ಮದಿಯೂ ಉಳಿಯಿತು. ಬಾಯಮ್ಮನಿಗೆ ಹೇಳುವಾಗ ನನಗೆ ನಾಚಿಕೆಯಾಯಿತು. ನನ್ನ ಭಾಷೆಯ ಅಕ್ಷರವನ್ನು ಬೀಗದ ಹಾಗೆ ಬಳಸಿಕೊಂಡಿದ್ದರು.

ಅಚ್ಚಿಗೆ ಹೋಗುವ ಮೊದಲು ಫಾದರ್ ತಮ್ಮ ಜವಾಬ್ದಾರಿಯ ಮೇಲೆ ಇನ್ನೊಂದು ಕೆಲಸ ಮಾಡಿದರು. ಒಂದು ಮಂಗಳವಾರ ಬೆಳಿಗ್ಗೆ ಲಾದ್ರುವಿನ ಹೆಸರಿನಲ್ಲಿ ಪೂಜೆ ಮಾಡಿ, ಸಾವಿನ ಗಂಟೆ ಬಾರಿಸಿದರು. ಒಳಗೆ ಇದ್ದವರು ಜುಲಿಯಾನ ಬಾಯಿ, ಮಗಳು, ನಾನು, ಸುಮತಿ. ಯಾರು ಹೋದರು ಎಂದು ಕೇಳಲು ತರಕಾರಿಯವಳು ಬಾಗಿಲಿನವರೆಗೆ ಬಂದು, ಒಳಗೆ ಪೆಟ್ಟಿಗೆ ಕಾಣದೆ ಹಿಂದಿರುಗಿದಳು. ಬಾಯಮ್ಮ ಗಂಟೆ ಮುಗಿಯುವವರೆಗೂ ನಿಂತೇ ಇದ್ದರು. ಆ ಗಂಟೆಯನ್ನು ಅವರು ದಿನಕ್ಕೆ ಮೂರು ಸಲದಂತೆ ಐವತ್ತು ವರ್ಷ ಕೇಳಿದವರು.

ಜುಬಿಲಿ ಆಯಿತು. ನೂರಿಪ್ಪತ್ತು ಪುಟದ ನುಣುಪು ಕಾಗದದ ಪುಸ್ತಕ ಬಂತು. ನನ್ನ ಇಂಗ್ಲಿಷ್ ಚರಿತ್ರೆ ಹದಿನಾಲ್ಕು ಪುಟ. ಅದನ್ನು ಬರೆಯಲು ನಿಘಂಟು ಹಿಡಿದು ಒದ್ದಾಡಿದ್ದು ನನಗೇ ಗೊತ್ತು. ಅದನ್ನು ಓದಿದೆ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ಎರಡನೆಯ ಭಾನುವಾರ ಒಬ್ಬಳು ಕಾಲೇಜು ಹುಡುಗಿ ಆ ಪುಸ್ತಕ ಹಿಡಿದು ಮೂರು ಮಾಳಿಗೆ ಹತ್ತಿ ಬಂದಳು.

"ಅಂಕಲ್, ಈ ಪೇಜ್‌ನಲ್ಲಿ ಏನು ಉಂಟು? ಬಾಕಿ ಎಲ್ಲ ಇಂಗ್ಲಿಷ್, ಇದು ಮಾತ್ರ ಯಾಕೆ ಹೀಗೆ? ಸಮ್‌ಥಿಂಗ್ ಸೀಕ್ರೆಟ್?"

ಅದರಲ್ಲಿ ಕನ್ನಡವಿದೆ ಎಂದಲ್ಲ, ತನಗೆ ತಿಳಿಯದ ಏನೋ ಇದೆ ಎಂದು ಬಂದವಳು. ನಾನು ಸುಮತಿಯ ಮುಖ ನೋಡಿದೆ. ಆಮೇಲೆ ಹುಡುಗಿಯನ್ನು ಕೆಳಗೆ ಜುಲಿಯಾನ ಬಾಯಿಯ ಕೋಣೆಗೆ ಕರೆದುಕೊಂಡು ಹೋಗಿ, ಅವರ ಒಪ್ಪಿಗೆ ಕೇಳಿ, ಓದಿದೆ. ಅವಳು ಮನೆಗೆ ಹೋಗಿ ಹೇಳಿರಬೇಕು. ಮುಂದಿನ ವಾರ ಮೂವರು ಬಂದರು. ಆಮೇಲೆ ಒಂದು ಇಡೀ ಕುಟುಂಬ. ಇಂಗ್ಲಿಷಿನಲ್ಲಿ ಹಾಕಿದ್ದರೆ ಶಾಮಿಯಾನದವರ ಕೃತಜ್ಞತೆಯ ಜೊತೆ ಅದೂ ರದ್ದಿಗೆ ಹೋಗುತ್ತಿತ್ತೋ ಏನೋ. ಓದಲಾಗದ ಪುಟವೊಂದೇ ಓದಿಸಿಕೊಂಡಿತು. ನನ್ನ ಕೊನೆಯ ಕ್ಲಾಸಿನಲ್ಲಿ ನಾಲ್ಕು ಮಕ್ಕಳು ಎಂದೆನಲ್ಲ, ಬಾಯಮ್ಮನ ಕೋಣೆಯಲ್ಲಿ ಒಂದು ಭಾನುವಾರ ಹನ್ನೊಂದು ಜನ ಇದ್ದರು. ಕೂರಲು ಜಾಗವಿಲ್ಲದೆ ಇಬ್ಬರು ಬಾಗಿಲಲ್ಲಿ ನಿಂತರು.

ಗುಡ್ ಫ್ರೈಡೆ ಕಳೆದ ಮೇಲೆ ಒಂದು ಸಂಜೆ ರೊನಾಲ್ಡ್ ನಮ್ಮ ಮನೆಗೆ ಬಂದರು. ಸುಮತಿಯ ಹತ್ತಿರ ಉಪ್ಪಿನಕಾಯಿಗೆಂದು ಬಂದಿದ್ದ ಜುಲಿಯಾನ ಬಾಯಿ ಅಲ್ಲೇ ಕೂತಿದ್ದರು. ಅವರನ್ನು ಕಂಡು ರೊನಾಲ್ಡ್ ಬಾಗಿಲಲ್ಲೇ ನಿಂತರು.

"ಯಾರು?" ಎಂದರು ಬಾಯಮ್ಮ.

"ರೊನಾಲ್ಡ್, ಆಂಟಿ."

"ಒಳಗೆ ಬಾ. ಕೂತುಕೋ."

ರೊನಾಲ್ಡ್ ಕೂತು, ಪುಸ್ತಕ ಮೊಣಕಾಲ ಮೇಲಿಟ್ಟುಕೊಂಡರು. "ಎಲ್ಲರೂ ನನಗೆ ಬಂದು ಹೇಳ್ತಾರೆ, ಪಪ್ಪ ಹೀಗೆ ಬರೆದಿದ್ದಾರೆ, ಹಾಗೆ ಬರೆದಿದ್ದಾರೆ ಅಂತ. ನಾನು ಮಾತ್ರ ಕೇಳ್ಲಿಲ್ಲ ಸರ್. ನೀವು ಆವತ್ತು ಶಾರ್ಟ್ ಆಗಿ ಹೇಳಿದ್ರಿ. ಫುಲ್ ಓದ್ತೀರಾ? ಪಪ್ಪನ ವರ್ಡ್ಸ್‌ನಲ್ಲೇ?"

ಓದಿದೆ. ಎಷ್ಟನೆಯ ಸಲವೋ, ಈಗ ನನಗೆ ಪುಸ್ತಕವೇ ಬೇಕಿರಲಿಲ್ಲ. ರೊನಾಲ್ಡ್ ತಲೆ ಎತ್ತಲಿಲ್ಲ. ನಾಲಗೆಗೆ ಬಟ್ಟೆ ಸುತ್ತಿದ ಸಾಲಿಗೆ ಬಂದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮುಗಿದ ಮೇಲೆ ಬಾಯಮ್ಮನ ಕಡೆ ತಿರುಗಿ, "ಸಾರಿ ಆಂಟಿ" ಎಂದರು.

"ಸಾರಿ ಹೇಳಬೇಕಾದವನು ನೀನಲ್ಲ" ಎಂದರು ಬಾಯಮ್ಮ. ದನಿ ಮೆತ್ತಗಿರಲಿಲ್ಲ. "ನಿನ್ನ ಪಪ್ಪ ಬಾಯಲ್ಲಿ ಹೇಳಬೇಕಿತ್ತು. ನಾನು ಗಂಜಿ ತಕೊಂಡು ಎದುರೇ ಕೂತಿದ್ದೆ. ಹೇಳ್ಲಿಲ್ಲ. ಬರೆದಿಟ್ಟು ಹೋದರು." ಆಮೇಲೆ, "ಅಷ್ಟಾದರೂ ಮಾಡಿದರು" ಎಂದರು.

ಅದನ್ನು ಕ್ಷಮೆ ಎನ್ನಬಹುದೋ ಇಲ್ಲವೋ ನಾನರಿಯೆ. ನನಗೆ ಅಷ್ಟು ವ್ಯಾಕರಣ ಬಾರದು. ಸುಮತಿ ಚಾ ತಂದಳು, ಮೂವರೂ ಕುಡಿದೆವು. ಬಾಯಮ್ಮ ಏಳಲು ಹೊರಟಾಗ ನಾನು ಎಂದಿನಂತೆ ಕೈ ಚಾಚಿದೆ.

"ನೀವು ಬೇಡ ಮಾಷ್ಟ್ರೇ, ನಿಮ್ಮದೇ ಮಂಡಿ ಸರಿ ಇಲ್ಲ. ಇವನು ಇಳಿಸ್ತಾನೆ."

ರೊನಾಲ್ಡ್ ಅವರ ತೋಳು ಹಿಡಿದರು. ಮೂರು ಮಾಳಿಗೆ ಇಳಿಯಲು ಅವರಿಬ್ಬರಿಗೆ ಬಹಳ ಹೊತ್ತು ಹಿಡಿಯಿತು. ನಾನು ಬಾಗಿಲು ಮುಚ್ಚದೆ ನಿಂತಿದ್ದೆ. ಪ್ರತಿ ತಿರುವಿನಲ್ಲೂ ಹೆಜ್ಜೆಗಳು ನಿಲ್ಲುತ್ತಿದ್ದವು, ಕೊಂಕಣಿಯಲ್ಲಿ ಮಾತು ಕೇಳುತ್ತಿತ್ತು. ಮೊದಲು ಬಾಯಮ್ಮನದೇ, ಆಮೇಲೆ ರೊನಾಲ್ಡರದೂ, ತಡವರಿಸುತ್ತ. ಎಲ್ಲೋ ಒಂದು ಕಡೆ ಬಾಯಮ್ಮ ಜೋರಾಗಿ ಬೈದಂತೆಯೂ ಕೇಳಿಸಿತು, ಅದಕ್ಕೂ ಕೆಳಗೆ ಒಂದು ಕಡೆ ಚಿಕ್ಕದಾಗಿ ನಕ್ಕಂತೆಯೂ. ಏನೆಂದು ಹಿಡಿಯಲು ಕತ್ತು ಚಾಚಿದೆ. ಮುಕ್ಕಾಲು ಅರ್ಥವಾಗುತ್ತದೆಂದು ಜಂಬಪಡುವ ನನಗೆ ಒಂದು ಮಾತೂ ಸಿಗಲಿಲ್ಲ.

"ಒಳಗೆ ಬನ್ನಿ. ಅದು ನೀವು ಓದಿ ಹೇಳುವಂಥದ್ದಲ್ಲ" ಎಂದಳು ಸುಮತಿ.

ಒಳಗೆ ಬಂದು ಬಾಗಿಲು ಮುಚ್ಚಿದೆ.